ಒಂದು ಗೇಣು ಸರಿದ ಮೇಜು

ಗುರುವಾರ ಬೆಳಿಗ್ಗೆ ಹತ್ತೂವರೆಗೆ ಅವಳ ಬಾಯಲ್ಲಿ ಆರು ಮೊಳೆಗಳಿದ್ದವು. ತುಟಿಗಳ ನಡುವೆ ಸಾಲಾಗಿ, ತಲೆ ಹೊರಗೆ, ಮೊನೆ ಒಳಗೆ. ಎಡಗೈಯಲ್ಲಿ ನೀಲಿ ಬಟ್ಟೆಯ ಅಂಚನ್ನು ಎಳೆದು ಹಿಡಿದು, ಬಲಗೈಯಿಂದ ಒಂದೊಂದೇ ಮೊಳೆ ತೆಗೆದು ಇಟ್ಟು, ಪುಟ್ಟ ಸುತ್ತಿಗೆಯಿಂದ ಎರಡೇ ಏಟಿಗೆ ಕೂರಿಸುತ್ತಿದ್ದಳು. ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿರುವ ಆ ಪೂಲ್ ಕ್ಲಬ್ಬಿನಲ್ಲಿ ಕೋಲಿನಿಂದ ಚೆಂಡು ಹೊಡೆದು ಆಡುವ ನಾಲ್ಕು ಮೇಜುಗಳಿವೆ. ಇಪ್ಪತ್ತೆಂಟು ವರ್ಷಗಳಿಂದ ನಾಲ್ಕಕ್ಕೂ ಬಟ್ಟೆ ಹೊದಿಸುವವಳು ಅವಳೇ. ಅದಕ್ಕೆ ಮುಂಚೆ ಅವಳಪ್ಪ ಹೊದಿಸುತ್ತಿದ್ದ. ಕ್ಲಬ್ಬಿನಲ್ಲಿ ಎಲ್ಲರೂ ಅವಳನ್ನು ಬಟ್ಟೆಯಕ್ಕ ಎಂದೇ ಕರೆಯುತ್ತಾರೆ, ಅವಳಿಗಿಂತ ಹದಿನೈದು ವರ್ಷ ದೊಡ್ಡವರೂ ಸಹ.

ಕಾರ್ಯದರ್ಶಿ ಬಂದು ನಿಂತ. ಕೆಳಗಿನ ಬೀದಿಯಲ್ಲಿ ಕನ್ನಡಕದ ಅಂಗಡಿ ಇಟ್ಟಿರುವವನು.

"ಅಕ್ಕ, ಭಾನುವಾರದ ಪಂದ್ಯಕ್ಕೆ ಇದೇ ಮೇಜು. ಸಾಯಂಕಾಲದೊಳಗೆ ಮುಗಿಯುತ್ತಾ?"

ಅವಳು ತಲೆ ಆಡಿಸಿದಳು.

"ನೀವೇ ಆಡೋ ಮೇಜಿಗೆ ನೀವೇ ಬಟ್ಟೆ ಹಾಕೋದು. ತನ್ನ ಪರೀಕ್ಷೆಯ ಪ್ರಶ್ನೆಪತ್ರಿಕೆ ತಾನೇ ಅಚ್ಚು ಹಾಕ್ದಂಗಾಯ್ತು ಅಂತ ಡಾಕ್ಟ್ರು ಆಡ್ಕೋತಾ ಇದ್ರು."

ಈ ಸಲ ಅವಳು ತಲೆಯನ್ನೂ ಆಡಿಸಲಿಲ್ಲ. ಬಾಯಲ್ಲಿ ಮೊಳೆ ಇದ್ದಾಗ ಯಾರೇನಂದರೂ ಉತ್ತರ ಕೊಡುವಂತಿಲ್ಲ, ಕೊಟ್ಟರೆ ನಾಲಿಗೆಗೇ ಚುಚ್ಚುತ್ತದೆ. ಕೆಲಸ ಕಲಿಸುವಾಗ ಅಪ್ಪ ಹೇಳಿದ್ದ ಇನ್ನೊಂದು ಮಾತೂ ಇತ್ತು. ಕೋಪದಲ್ಲಿ ಬಟ್ಟೆ ಎಳೆಯಬೇಡ, ಬಟ್ಟೆಗೆ ಗೊತ್ತಾಗುತ್ತದೆ. ನಿಜವೇ. ಸಿಟ್ಟಿನಲ್ಲಿ ಎಳೆದ ಕಡೆ ಕಣ್ಣಿಗೆ ಕಾಣದ ಅಲೆ ಏಳುತ್ತದೆ. ಮೂರು ದಿನ ಬಿಟ್ಟು ಚೆಂಡು ಅದರ ಮೇಲೆ ಹೋದಾಗ ತಡವರಿಸುತ್ತದೆ. ಆಮೇಲೆ ಎಲ್ಲ ಮೊಳೆ ಕಿತ್ತು ಮೊದಲಿನಿಂದ ಶುರು ಮಾಡಬೇಕು.

ಮೇಜಿನ ವಿಷಯದಲ್ಲಿ ಇದನ್ನು ಅವಳು ಹತ್ತೊಂಬತ್ತಕ್ಕೇ ಕಲಿತಳು. ಆಟದ ವಿಷಯದಲ್ಲಿ ಕಲಿಯಲು ನಲವತ್ತೊಂಬತ್ತಾಗಬೇಕಾಯಿತು.

ಲೀಗಿನಲ್ಲಿ ಬೇರೆ ಕ್ಲಬ್ಬುಗಳ ಎದುರು ಆಡುವ ಕ್ಲಬ್ಬಿನ ತಂಡದಲ್ಲಿ ಐದು ಜನ. ನಾಲ್ವರನ್ನು ವರ್ಷದ ಅಂಕಗಳ ಮೇಲೆ ಆರಿಸುತ್ತಾರೆ. ಐದನೇ ಜಾಗಕ್ಕೆ ಮುಂದಿನ ಇಬ್ಬರ ನಡುವೆ ಒಂದೇ ಒಂದು ಪಂದ್ಯ ನಡೆಯುತ್ತದೆ. ಹೋದ ವರ್ಷ ಆ ಇಬ್ಬರಲ್ಲಿ ಒಬ್ಬಳು ಇವಳು, ಇನ್ನೊಬ್ಬ ಹಲ್ಲಿನ ಡಾಕ್ಟರು; ಸೋತದ್ದು ಇವಳು. ಈ ವರ್ಷವೂ ಅವರಿಬ್ಬರೇ. ಕ್ಲಬ್ಬಿನ ನಿಯಮದ ಪ್ರಕಾರ ಈ ಪಂದ್ಯದಲ್ಲಿ ಸತತವಾಗಿ ಎರಡು ಸಲ ಸೋತವರು ಮುಂದಿನ ಮೂರು ವರ್ಷ ಆಯ್ಕೆಗೆ ನಿಲ್ಲುವಂತಿಲ್ಲ. ಭಾನುವಾರ ಸೋತರೆ ಅವಳಿಗೆ ಮತ್ತೆ ಅವಕಾಶ ಸಿಗುವುದು ಐವತ್ತಮೂರಕ್ಕೆ. ದಿನವಿಡೀ ಬಗ್ಗಿ ಕೆಲಸ ಮಾಡುವವಳ ಸೊಂಟ ಅಲ್ಲಿಯವರೆಗೆ ಕಾಯುತ್ತದೆಂಬ ಭರವಸೆ ಅವಳಿಗಿರಲಿಲ್ಲ.

ಡಾಕ್ಟರು ಕೆಟ್ಟ ಮನುಷ್ಯನಲ್ಲ. ಆದರೆ ಆಟದ ಮಧ್ಯೆ ಮಾತಾಡುತ್ತಾನೆ. ಬಾಯಿ ತೆರೆದುಕೊಂಡು ಮಲಗಿದವರ ಜೊತೆ ಇಪ್ಪತ್ತು ವರ್ಷ ಮಾತಾಡಿದ ಅಭ್ಯಾಸ. ಉತ್ತರ ಬರುತ್ತದೆಂಬ ನಿರೀಕ್ಷೆಯೇ ಇಲ್ಲ. ಹೋದ ವರ್ಷ ಕೊನೆಯ ಆಟದಲ್ಲಿ ಅವಳು ಕೋಲು ಹಿಡಿದು ಬಗ್ಗಿದ ಹೊತ್ತಿಗೆ ಸರಿಯಾಗಿ, "ಅಕ್ಕ, ಆ ಮೂಲೆಯಲ್ಲಿ ಹೊಲಿಗೆ ಬಿಟ್ಟ ಹಾಗಿದೆ ನೋಡಿ" ಎಂದಿದ್ದ. ಹೊಲಿಗೆ ಬಿಟ್ಟಿರಲಿಲ್ಲ. ಪೂಲ್ ಮೇಜಿಗೆ ಹೊಲಿಗೆಯೇ ಇರುವುದಿಲ್ಲ. ಅದನ್ನೇ ಹೇಳುವಂತೆ ಅವಳು ಚೆಂಡಿಗೆ ಬಾರಿಸಿದಳು. ಬಿಳಿ ಚೆಂಡು ಮೇಜು ಹಾರಿ, ನೆಲಕ್ಕೆ ಬಿದ್ದು, ಮೆಟ್ಟಿಲಿಳಿದು ಟೈರ್ ಅಂಗಡಿಯವರೆಗೆ ಹೋಯಿತು. ಚೆಂಡು ವಾಪಸು ತಂದುಕೊಟ್ಟ ಅಂಗಡಿಯವನು, "ಇದಕ್ಕೂ ಗಾಳಿ ತುಂಬ್ಬೇಕಾ?" ಎಂದ. ಇಡೀ ಹಾಲ್ ನಕ್ಕಿತು. ಆವತ್ತಿನಿಂದ ಅವಳ ಬಗ್ಗೆ ಕ್ಲಬ್ಬಿನಲ್ಲಿ ಒಂದು ತೀರ್ಪು ಖಾಯಂ ಆಯಿತು: ಕೈ ಒಳ್ಳೇದು, ತಲೆ ಬಿಸಿ.

ಅವಳು ವಾದಿಸಲು ಹೋಗಲಿಲ್ಲ. ಮರುವಾರದಿಂದ ಅಭ್ಯಾಸಕ್ಕೆ ನಿಂತಾಗಲೂ ತುಟಿಯಲ್ಲಿ ಎರಡು ಮೊಳೆ ಕಚ್ಚಿಕೊಳ್ಳತೊಡಗಿದಳು. ಬಗ್ಗುವ ಮುಂಚೆ ಮೂಗಿನಲ್ಲಿ ನಾಲ್ಕು ಉಸಿರು, ಬಟ್ಟೆ ಎಳೆಯುವ ಮುಂಚೆ ತೆಗೆದುಕೊಳ್ಳುವಷ್ಟೇ. ನೋಡಿದವರು ನಕ್ಕರು. ಡಾಕ್ಟರು, "ಅಕ್ಕ, ಹಲ್ಲಿಗೆ ಒಳ್ಳೇದಲ್ಲ, ಆಮೇಲೆ ನನ್ನ ಹತ್ರಾನೇ ಬರ್ಬೇಕಾಗುತ್ತೆ" ಎಂದ. ಹನ್ನೊಂದು ತಿಂಗಳು ಅವಳು ಹಾಗೇ ಆಡಿದಳು.

ಗುರುವಾರ ಸಂಜೆ ಆರಕ್ಕೆ ಬಟ್ಟೆಯ ಕೆಲಸ ಮುಗಿಯಿತು. ಆಮೇಲೆ ಇನ್ನೊಂದೂವರೆ ಗಂಟೆ ಮೇಜಿನ ಮೇಲೆ ರಸಮಟ್ಟ ಇಟ್ಟು ನೋಡಿದಳು. ಕಿಟಕಿ ಕಡೆಯ ಎರಡು ಕಾಲುಗಳ ಕೆಳಗೆ ಇಸ್ಪೀಟೆಲೆಯಷ್ಟು ತೆಳುವಾದ ಮರದ ಬಿಲ್ಲೆಗಳನ್ನು ಒಂದೊಂದಾಗಿ ಕೊಟ್ಟು, ಗಾಜಿನ ಕೊಳವೆಯೊಳಗಿನ ಗುಳ್ಳೆ ಎಲ್ಲ ದಿಕ್ಕಿನಲ್ಲೂ ನಟ್ಟನಡುವೆ ನಿಲ್ಲುವವರೆಗೆ ಬಿಡಲಿಲ್ಲ.

ಭಾನುವಾರ ಬೆಳಿಗ್ಗೆ ಹೊರಡುವಾಗ ಅತ್ತೆ ಕುರ್ಚಿಯಿಂದಲೇ ಅಂದರು. "ಗೆದ್ದು ಬಾ. ಸೋತ್ರೆ ಹೋದ ವರ್ಷದ ಹಂಗೆ ನಾಲ್ಕು ದಿನ ಪಾತ್ರೆ ಬಡೀತೀಯ, ನನಗೆ ಮಧ್ಯಾಹ್ನದ ನಿದ್ದೆ ಇರಲ್ಲ."

"ಸೋತ್ರೆ ಪಾತ್ರೆ ನಿಮ್ಮ ಮಗನ ಕೈಗೆ ಕೊಡ್ತೀನಿ ಬಿಡಿ."

ಅತ್ತೆಯ ಮಗ, ಎಂದರೆ ಅವಳ ಗಂಡ, ನಗರದ ಬಸ್ಸು ಓಡಿಸುತ್ತಾನೆ. ಆ ದಿನ ರಜೆ ಹಾಕಿದ್ದ. ಕೋಲಿನ ಚೀಲ ಹೆಗಲಿಗೇರಿಸಿ ಅವಳ ಹಿಂದೆಯೇ ಮೆಟ್ಟಿಲು ಹತ್ತಿದ.

ಹಾಲಿನಲ್ಲಿ ಅರವತ್ತು ಕುರ್ಚಿ. ಮುಂದಿನ ಸಾಲಿನಲ್ಲಿ ಲೀಗಿನಿಂದ ಬಂದ ಇಬ್ಬರು. ಅವಳು ಎಂದಿನ ಅಭ್ಯಾಸದಂತೆ ಮೇಜಿನ ಸುತ್ತ ಒಂದು ಸುತ್ತು ಹಾಕಿದಳು, ಕಣ್ಣು ಕಾಲುಗಳ ಮೇಲೆ. ಕಿಟಕಿ ಕಡೆಗೆ ಬಂದಾಗ ನಿಂತಳು. ಅವಳು ಕೊಟ್ಟಿದ್ದ ಬಿಲ್ಲೆಗಳು ಬರಿ ನೆಲದ ಮೇಲೆ ಬಿದ್ದಿದ್ದವು. ಮೇಜಿನ ಕಾಲು ಅಲ್ಲಿಂದ ಒಂದು ಗೇಣು ಆಚೆಗಿತ್ತು.

"ಮೇಜು ಯಾರು ಸರಿಸಿದ್ದು?"

ಕಾರ್ಯದರ್ಶಿ ಕುರ್ಚಿ ಎಣಿಸುತ್ತಿದ್ದವನು ತಿರುಗಿದ. "ಇನ್ನೊಂದು ಸಾಲು ಕುರ್ಚಿ ಹಿಡೀಲಿಲ್ಲ ಅಕ್ಕ. ನಿನ್ನೆ ಆರು ಜನ ಸೇರಿ ಒಂಚೂರು ತಳ್ಳಿದ್ವಿ. ಒಂದು ಗೇಣು ಅಷ್ಟೇ."

ಅವಳು ಒಂದು ಚೆಂಡನ್ನು ತೆಗೆದು ಮೇಜಿನ ಉದ್ದಕ್ಕೆ ಮೆಲ್ಲಗೆ ಉರುಳಿಸಿದಳು. ಮುಕ್ಕಾಲು ದಾರಿ ನೇರ ಹೋದ ಚೆಂಡು, ವೇಗ ಸಾಯುತ್ತಿದ್ದಂತೆ ಯಾರೋ ಕರೆದರೆನ್ನುವ ಹಾಗೆ ಕಿಟಕಿ ಕಡೆಗೆ ವಾಲಿತು. ಅರ್ಧ ಚೆಂಡಿನಷ್ಟು.

"ಎರಡು ಗಂಟೆ ಕೊಡಿ. ಮತ್ತೆ ಮಟ್ಟ ಮಾಡ್ತೀನಿ."

"ಹನ್ನೊಂದಕ್ಕೆ ಪಂದ್ಯ ಅಕ್ಕ. ಲೀಗಿನವರು ಬಂದು ಕೂತಿದ್ದಾರೆ. ಉಳಿದ ಮೇಜುಗಳ ಬಟ್ಟೆ ಹರಿದಿರೋದು ನಿಮಗೇ ಗೊತ್ತು. ನನಗಂತೂ ಏನೂ ಕಾಣ್ತಿಲ್ಲಪ್ಪ."

"ಕನ್ನಡಕ ಮಾರೋರು ಹಂಗನ್ನಬಾರದು."

ಅವನು ಧ್ವನಿ ತಗ್ಗಿಸಿದ. "ನಿಮಗೆ ಗೊತ್ತಾಯ್ತಲ್ಲ, ಸಾಕು. ಅವರಿಗೆ ಗೊತ್ತಿಲ್ಲ. ನಿಮಗೇ ಅನುಕೂಲ. ಸುಮ್ನೆ ಆಡಿ."

ಗಂಡನೂ ಚೀಲ ಬಿಚ್ಚುತ್ತಾ ಅದನ್ನೇ ಅಂದ. "ಅವನು ಹೇಳೋದ್ರಲ್ಲೂ ಒಂದು ನ್ಯಾಯ ಇದೆ. ನೀನೇನು ಸರಿಸಿದ್ದಲ್ಲ."

"ನಿಮ್ಮ ಬಸ್ಸಿನ ಬ್ರೇಕ್ ಸಡಿಲ ಇದೆ ಅಂತ ನಿಮಗೊಬ್ಬರಿಗೇ ಗೊತ್ತಿದ್ರೆ?"

"ಅದು ಬೇರೆ."

"ನಾನು ಕೂರಿಸಿದ ಮೇಜಲ್ಲಿ ನನಗೊಬ್ಬಳಿಗೇ ಗೊತ್ತಿರೋ ಗುಟ್ಟು ಇರಬಾರದು," ಎಂದು ಅವಳು ಡಾಕ್ಟರನ ಕಡೆ ನಡೆದಳು. ಅವನು ಕೋಲಿನ ತುದಿಗೆ ಚಾಕ್ ಉಜ್ಜುತ್ತಿದ್ದ.

"ಡಾಕ್ಟ್ರೇ, ಒಂದು ವಿಷಯ. ಮೇಜು ಸರಿದಿದೆ. ನಿಧಾನಕ್ಕೆ ಹೊಡೆದ ಚೆಂಡು ಕಿಟಕಿ ಕಡೆ ಎಳೆಯುತ್ತೆ. ಉದ್ದಕ್ಕೆ ಹೋದ್ರೆ ಅರ್ಧ ಚೆಂಡಿನಷ್ಟು."

ಡಾಕ್ಟರು ಅವಳನ್ನು ನೋಡಿದ, ಮೇಜನ್ನು ನೋಡಿದ, ನಕ್ಕ. "ಬೆಳಿಗ್ಗೆ ಬೆಳಿಗ್ಗೇನೇ ಶುರು ಮಾಡಿದ್ರಾ? ಹೋದ ವರ್ಷದ ಹೊಲಿಗೆ ಇನ್ನೂ ಮರೆತಿಲ್ಲ ಅನ್ನಿ."

"ಹೊಡೆದು ನೋಡಿ."

ಅವನು ಒಂದು ಚೆಂಡಿಗೆ ಜೋರಾಗಿ ಹೊಡೆದ. ಅದು ಗೆರೆ ಎಳೆದಂತೆ ಹೋಗಿ ಮೂಲೆಯ ಪಾಕೆಟ್ಟಿನ ತೂತಿಗೆ ಬಿತ್ತು. "ನೋಡಿ, ನಿಮ್ಮ ಕೆಲಸದ ಮೇಲೆ ನಿಮಗಿಂತ ನನಗೇ ನಂಬಿಕೆ ಜಾಸ್ತಿ."

"ನಿಧಾನಕ್ಕೆ ಅಂದೆ."

"ನೀವು ಹೇಳಿದ ವೇಗಕ್ಕೆ ಹೊಡೆದು, ನೀವು ಹೇಳಿದ ಕಡೆಗೆ ಹೊಡೆದು, ಆಮೇಲೆ ಜಾಗಾನೂ ನಿಮಗೇ ಬಿಟ್ಟುಕೊಟ್ಟು ಮನೆಗೆ ಹೋಗ್ಲಾ?"

ಅಕ್ಕಪಕ್ಕದ ಕುರ್ಚಿಯವರು ನಕ್ಕರು. ಅವಳು ರೆಫರಿಯ ಹತ್ತಿರ ಹೋದಳು. ಗಡಿಯಾರ ರಿಪೇರಿ ಮಾಡಿ ಮುಪ್ಪಾದವರು, ಎಲ್ಲರಿಗೂ ತಾತ. ಮಾತು ಕಡಿಮೆ, ಕೈಬರಹ ಅಚ್ಚಿನಂಥದ್ದು. "ತಾತ, ಬರ್ಕೊಳ್ಳಿ," ಎಂದಳು. ತಾತ ಕೈಗಡಿಯಾರ ನೋಡಿ ಅಂಕಪಟ್ಟಿಯ ತಲೆಯಲ್ಲಿ ಬರೆದರು: ಹತ್ತು ಗಂಟೆ ಐವತ್ತೆರಡು ನಿಮಿಷ. ಮೇಜು ಕಿಟಕಿ ಕಡೆಗೆ ವಾಲಿದೆಯೆಂದು ಆಟಗಾರ್ತಿ ತಿಳಿಸಿದ್ದಾರೆ. ಎದುರಾಳಿಗೂ ತಿಳಿಸಿದ್ದಾರೆ. ಇಬ್ಬರೂ ಸಹಿ ಹಾಕಿದರು. "ನನ್ನ ಕ್ಲಿನಿಕ್ ಅಕ್ಕನ ಹೆಸರಿಗೆ ಅಂತ ಬರೆದಿಲ್ಲ ತಾನೇ?" ಎನ್ನುತ್ತಲೇ ಡಾಕ್ಟರು ಹಾಕಿದ. ಕಾರ್ಯದರ್ಶಿಯ ಮುಖ ಸಣ್ಣದಾಯಿತು.

ಒಂಬತ್ತು ಆಟಗಳ ಪಂದ್ಯ, ಮೊದಲು ಐದು ಗೆದ್ದವರಿಗೆ ಜಾಗ. ಒಬ್ಬರಿಗೆ ತುಂಬು ಬಣ್ಣದ ಏಳು ಚೆಂಡು, ಇನ್ನೊಬ್ಬರಿಗೆ ಪಟ್ಟೆಯ ಏಳು. ತಮ್ಮದನ್ನೆಲ್ಲ ಪಾಕೆಟ್ಟಿಗೆ ಕಳಿಸಿ ಕೊನೆಗೆ ಕಪ್ಪು ಚೆಂಡನ್ನು ಕೆಡವಿದವರಿಗೆ ಆಟ.

ಮೊದಲ ಎರಡು ಆಟ ಡಾಕ್ಟರಿಗೆ ಹೋದವು. ಅವಳಿಗೆ ಅಂಥ ತಪ್ಪೇನೂ ಆಗಿರಲಿಲ್ಲ, ಅವನು ಚೆನ್ನಾಗಿ ಆಡಿದ. ಜೊತೆಗೆ ಮಾತೂ ಹರಿಯುತ್ತಿತ್ತು. ಹವೆ, ಸೊಂಟನೋವು, ಯಾರದೋ ದವಡೆ. ಅವಳು ಬರಿದಾದ ತುಟಿಗಳನ್ನು ಮೊಳೆ ಇದ್ದಂತೆಯೇ ಬಿಗಿದುಕೊಂಡು ಕೂತಿದ್ದಳು. ಸರದಿ ಬಂದಾಗ ಎದ್ದು, ನಾಲ್ಕು ಉಸಿರು ತೆಗೆದುಕೊಂಡು ಬಗ್ಗುತ್ತಿದ್ದಳು. ಮೂರನೇ ಆಟ ಅವಳದಾಯಿತು. ನಾಲ್ಕನೆಯದೂ.

ಅಷ್ಟರಲ್ಲಿ ಅವಳೊಂದು ಗಮನಿಸಿದಳು. ಡಾಕ್ಟರು ಮೆಲ್ಲಗೆ ಹೊಡೆಯುವುದನ್ನೇ ಬಿಟ್ಟಿದ್ದ. ನಯವಾಗಿ ತಳ್ಳಬೇಕಾದ ಚೆಂಡಿಗೂ ಗುದ್ದುತ್ತಿದ್ದ. ಗುರಿಯ ಚೆಂಡು ಬೀಳುತ್ತಿತ್ತು, ಆದರೆ ಬಿಳಿ ಚೆಂಡು ಬೇಡದ ಕಡೆಗೆಲ್ಲ ಓಡಿ ನಿಲ್ಲುತ್ತಿತ್ತು. ಅವಳ ಮಾತನ್ನು ನಂಬಲು ಅವನಿಗೆ ಮನಸ್ಸಿಲ್ಲ, ತಳ್ಳಿಹಾಕಲು ಧೈರ್ಯವಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ, "ಇವತ್ತು ಅಕ್ಕನೇ ಡಾಕ್ಟ್ರಿಗೆ ಡ್ರಿಲ್ ಹಾಕಿದ್ಲು," ಎಂದದ್ದು ಕೇಳಿಸಿತು. ಅವಳಿಗೆ ಅದು ಇಷ್ಟವಾಗಲಿಲ್ಲ. ಅವಳು ಡ್ರಿಲ್ ಹಾಕಿರಲಿಲ್ಲ, ಇದ್ದದ್ದನ್ನು ಹೇಳಿದ್ದಳು. ತಿರುಗಿ ಅದನ್ನೇ ಹೇಳಬೇಕೆನಿಸಿ, ತುಟಿ ಇನ್ನಷ್ಟು ಬಿಗಿ ಮಾಡಿದಳು.

ಮೂರು ಮೂರು. ನಾಲ್ಕು ಮೂರು ಡಾಕ್ಟರಿಗೆ. ಎಂಟನೇ ಆಟದಲ್ಲಿ ಕಪ್ಪು ಚೆಂಡಿಗೆ ಅವಳು ಬಗ್ಗಿದಾಗ ಬೆನ್ನ ಹಿಂದಿನಿಂದ ಅದೇ ಧ್ವನಿ ಬಂತು. "ಅಕ್ಕ, ಹೊಲಿಗೆ ಹುಷಾರು."

ಗಂಡ ಕುರ್ಚಿಯ ಅಂಚಿಗೆ ಬಂದ. ಅವಳು ನೆಟ್ಟಗೆ ಎದ್ದು ನಿಂತಳು. ಕೋಲನ್ನು ಮೇಜಿಗೆ ಒರಗಿಸಿದಳು. ಡಾಕ್ಟರನ ಕಡೆ ತಿರುಗಲಿಲ್ಲ. ಮೂಲೆಯ ಬಟ್ಟೆಯ ಮೇಲೆ ಹೆಬ್ಬೆರಳು ಸವರಿ, ಧೂಳಿನ ಒಂದು ಕಣ ತೆಗೆದು ಕೆಳಗೆ ಬಿಟ್ಟಳು. ನಾಲ್ಕು ಉಸಿರು ತೆಗೆದುಕೊಂಡು ಮತ್ತೆ ಬಗ್ಗಿ ಕಪ್ಪು ಚೆಂಡನ್ನು ಪಾಕೆಟ್ಟಿನ ನಡುವಿಗೆ ಇಳಿಸಿದಳು. ನಾಲ್ಕು ನಾಲ್ಕು.

ಕೊನೆಯ ಆಟದಲ್ಲಿ ಡಾಕ್ಟರು ಮುಂದೆ ಹೋದ. ಅವಳದು ಎರಡು ಚೆಂಡು ಉಳಿದಿದ್ದಾಗ ಅವನದೆಲ್ಲ ಮುಗಿದು ಕಪ್ಪೊಂದೇ ಬಾಕಿ. ಅದು ಬಾಗಿಲ ಕಡೆಯ ಉದ್ದದ ಅಂಚಿನ ಪಕ್ಕದಲ್ಲಿತ್ತು, ಮೂಲೆ ಪಾಕೆಟ್ಟಿಗೆ ನಾಲ್ಕಡಿ ದೂರ. ಬಿಳಿ ಚೆಂಡು ಅದರ ನೇರ ಹಿಂದೆ. ಜೋರಾಗಿ ಹೊಡೆದರೆ ಬಿಳಿಯೂ ಹಿಂಬಾಲಿಸಿ ಪಾಕೆಟ್ಟಿಗೆ ಬಿದ್ದು ಆಟವೇ ಹೋಗುತ್ತದೆ. ಮೆಲ್ಲಗೆ ಹೊಡೆಯದೆ ದಾರಿಯಿಲ್ಲ.

ಡಾಕ್ಟರು ಬಗ್ಗಿದ, ಎದ್ದ, ಮತ್ತೆ ಬಗ್ಗಿದ. ಒಮ್ಮೆ ಅವಳತ್ತ ನೋಡಿದ. ಅವಳು ಕೈಗಳನ್ನು ಮೊಣಕಾಲ ಮೇಲಿಟ್ಟು ಕೂತಿದ್ದಳು, ಮುಖದಲ್ಲಿ ಏನೂ ಇರಲಿಲ್ಲ. ಅವನು ಮನಸ್ಸು ಗಟ್ಟಿಮಾಡಿಕೊಂಡವನಂತೆ ಪಾಕೆಟ್ಟಿನ ನಟ್ಟನಡುವಿಗೆ ಗುರಿಯಿಟ್ಟು ತಳ್ಳಿದ. ಚೆಂಡು ನೇರ ಹೋಯಿತು, ಹೋಯಿತು, ಕೊನೆಯ ಒಂದಡಿಯಲ್ಲಿ ಕಿಟಕಿ ಕಡೆಗೆ ವಾಲಿ, ಪಾಕೆಟ್ಟಿನ ಬಾಯಂಚಿನ ದವಡೆಗೆ ತಗುಲಿ, ಎರಡು ಸಲ ಅಲುಗಿ, ಹೊರಬಂದು ನಿಂತಿತು.

ಆಮೇಲೆ ಡಾಕ್ಟರು ಕೋಲು ಎತ್ತಿ ಹಿಡಿದ. "ಇದು ಆಟ ಅಲ್ಲ. ಮೇಜು ಸೊಟ್ಟ ಇದೆ. ಈ ಆಟ ಮತ್ತೆ ಆಡಿಸ್ಬೇಕು."

ಕಾರ್ಯದರ್ಶಿ ಓಡಿಬಂದ. ಲೀಗಿನವರ ಕಡೆ ಒಂದು ಕಣ್ಣು, ಅವಳ ಕಡೆ ಒಂದು ಕಣ್ಣು. "ಅಕ್ಕ, ಒಂದೇ ಆಟ ತಾನೇ. ಕ್ಲಬ್ಬಿನ ಮರ್ಯಾದೆ ಪ್ರಶ್ನೆ. ದೊಡ್ಡ ಮನಸ್ಸು ಮಾಡಿ."

ಅವಳು ಎದ್ದಳು. "ದೊಡ್ಡ ಮನಸ್ಸು ಹತ್ತು ಐವತ್ತೆರಡಕ್ಕೇ ಮಾಡಿದ್ದೀನಿ. ತಾತನ ಪಟ್ಟಿಯಲ್ಲಿದೆ, ಓದ್ಕೊಳ್ಳಿ."

"ಅದು ಸರಿ, ಆದ್ರೂ..."

"ಸುಮ್ನೆ ಆಡಿ ಅಂದಿದ್ದು ನೀವು. ನಾನು ಸುಮ್ನೆ ಇರ್ಲಿಲ್ಲ. ಅವರಿಗೂ ಹೇಳ್ದೆ, ಹೊಡೆದು ನೋಡಿ ಅಂದೆ. ಅವರು ನಂಬಲಿಲ್ಲ. ನನ್ನ ಮಾತು ನಂಬದೇ ಇದ್ದಿದ್ದಕ್ಕೆ ನಾನು ಇನ್ನೊಂದು ಆಟ ಆಡೋಕಾಗಲ್ಲ. ಈ ಎಂಟೂ ಆಟ ಇದೇ ಸೊಟ್ಟ ಮೇಜಲ್ಲಿ ಆಯ್ತಲ್ಲ, ಅವರು ಗೆದ್ದ ನಾಲ್ಕನ್ನೂ ವಾಪಸು ಕೊಡ್ತಾರಾ?"

ಧ್ವನಿ ಏರಿರಲಿಲ್ಲ. ಅದೇ ಎಲ್ಲರಿಗೂ ವಿಚಿತ್ರವೆನಿಸಿತು. ಕಾರ್ಯದರ್ಶಿ ತಾತನ ಕಡೆ ನೋಡಿದ. ತಾತ ಪಟ್ಟಿಯ ತಲೆಯ ಎರಡು ಸಾಲನ್ನು ಹಾಲಿಗೆಲ್ಲ ಕೇಳುವಂತೆ ಓದಿ, ಸಹಿಗಳನ್ನು ತೋರಿಸಿ, "ಆಟ ಮುಂದುವರಿಯಲಿ. ಸರದಿ ಅಕ್ಕನದು," ಎಂದರು.

ಅವಳು ತನ್ನ ಎರಡು ಚೆಂಡುಗಳನ್ನು ಅವಸರವಿಲ್ಲದೆ ಕಳಿಸಿದಳು. ಎರಡನೆಯದರ ಹೊತ್ತಿಗೆ ಬಿಳಿ ತಗುಲಿ ಕಪ್ಪು ಚೆಂಡು ಅದೇ ಅಂಚಿನ ಪಕ್ಕದಲ್ಲೇ ಹಿಂದಕ್ಕೆ ಉರುಳಿ, ಈಗ ಎದುರು ಕೊನೆಯ ಪಾಕೆಟ್ಟಿಗೆ ಐದಡಿಯಲ್ಲಿ ನಿಂತಿತ್ತು, ಬಿಳಿ ಅದರ ನೇರ ಹಿಂದೆ. ಮತ್ತೆ ಮೆಲ್ಲಗೆ ಹೊಡೆಯಬೇಕಾದ ಚೆಂಡೇ. ಅವಳು ಪಾಕೆಟ್ಟಿನ ನಡುವನ್ನು ಬಿಟ್ಟು, ಅದರ ಅಂಚಿನ ಕಡೆಯ ದವಡೆಗೆ ಗುರಿಯಿಟ್ಟಳು. ಮುಂದಿನ ಸಾಲಿನಲ್ಲಿದ್ದವರಿಗೆ ಅದು ಸ್ಪಷ್ಟವಾಗಿ ಕಂಡಿತು. "ಹೋಯ್ತು, ತಪ್ಪಿದ್ಲು," ಎಂದು ಯಾರೋ ಪಿಸುಗುಟ್ಟಿದರು. ನಾಲ್ಕು ಉಸಿರಾಯಿತು. ಅವಳು ತಳ್ಳಿದಳು.

ಚೆಂಡು ದವಡೆಗೇ ಹೊರಟಿತು. ಮೂರಡಿ ದಾಟಿದ ಮೇಲೂ ದವಡೆಗೇ. ಆಮೇಲೆ ದಣಿದು, ಕಿಟಕಿ ಕಡೆಗೆ ತುಸು ವಾಲಿ, ಪಾಕೆಟ್ಟಿನ ಬಾಯಿಗೆ ಬಂದು, ಒಳಗೆ ಬಿತ್ತು.

ಚಪ್ಪಾಳೆಯ ನಡುವೆ ಡಾಕ್ಟರು ಅವಳ ಹತ್ತಿರ ಬರಲಿಲ್ಲ. ಪಾಕೆಟ್ಟಿನಿಂದ ಕಪ್ಪು ಚೆಂಡು ತೆಗೆದು ಮೇಜಿನ ಉದ್ದಕ್ಕೆ ಮೆಲ್ಲಗೆ ಉರುಳಿಸಿ, ಅದು ವಾಲುವುದನ್ನು ನೋಡಿದ. ಇನ್ನೊಮ್ಮೆ ಉರುಳಿಸಿದ. ಮೂರನೇ ಸಲದ ನಂತರ ಬಂದು ಕೈ ಚಾಚಿದ.

"ನಿಜಾನೇ ಹೇಳಿದ್ರಿ."

"ಹೌದು."

"ಪಂದ್ಯದ ದಿನ ಎದುರಾಳಿ ನಿಜ ಹೇಳ್ತಾರೆ ಅಂತ ಯಾರು ಅಂದ್ಕೋತಾರೆ ಅಕ್ಕ?"

"ಇನ್ಮೇಲೆ ಅಂದ್ಕೊಳ್ಳಿ," ಎಂದು ಅವಳು ಕೈ ಕುಲುಕಿದಳು. "ಹೊಲಿಗೆ ಮಾತು ಮಾತ್ರ ಇನ್ನು ಸಾಕು. ಮೇಜಿಗೆ ಹೊಲಿಗೆ ಇರಲ್ಲ."

ಸೋಮವಾರ ಬೆಳಿಗ್ಗೆ ಫಲಕದ ಮೇಲೆ ತಂಡದ ಪಟ್ಟಿ ಅಂಟಿಸಿದ್ದರು. ಐದನೇ ಹೆಸರು ಅವಳದು. ಅದರ ಮುಂದೆ ಬೇರೆ ಶಾಯಿಯಲ್ಲಿ 'ತಾತ್ಕಾಲಿಕ' ಎಂದಿತ್ತು. ಉಪಕರಣದ ಪೆಟ್ಟಿಗೆಯೊಂದಿಗೆ ಮೇಜು ಮಟ್ಟ ಮಾಡಲು ಬಂದಿದ್ದ ಅವಳು ಅದನ್ನು ಓದಿ, ಮೆಟ್ಟಿಲಿಳಿದು ಕನ್ನಡಕದ ಅಂಗಡಿಗೆ ಹೋದಳು.

"ಆ ಪದ ಯಾಕೆ?"

"ಸುಮ್ನೆ ಅಕ್ಕ. ಯಾರಾದ್ರೂ ತಕರಾರು ತೆಗೆದ್ರೆ ಇರ್ಲಿ ಅಂತ..."

"ಯಾರು ತೆಗೆದಿದ್ದಾರೆ?"

"ಯಾರೂ ಇಲ್ಲ."

"ಡಾಕ್ಟ್ರು?"

"ಅವರೂ ಇಲ್ಲ."

"ಹಂಗಾದ್ರೆ ಬನ್ನಿ, ಹೊಡೆದುಹಾಕಿ. ಅಲ್ಲೀವರೆಗೆ ನಾನು ಮೇಜು ಮುಟ್ಟಲ್ಲ."

ಅಂಗಡಿಯಲ್ಲಿ ಗಿರಾಕಿ ಇದ್ದರು. ಅವಳು ಪೆಟ್ಟಿಗೆಯನ್ನು ನೆಲದ ಮೇಲಿಟ್ಟು ಅದರ ಮೇಲೆಯೇ ಕೂತಳು. ಒಬ್ಬರು ಕನ್ನಡಕದ ಐದು ಚೌಕಟ್ಟು ಹಾಕಿ ನೋಡಿ, ಮೊದಲನೆಯದನ್ನೇ ಆರಿಸಿ ಹೋಗುವವರೆಗೂ ಕಾದಳು. ಇಪ್ಪತ್ತೈದು ನಿಮಿಷದ ಮೇಲೆ ಕಾರ್ಯದರ್ಶಿ ಪೆನ್ನು ಜೇಬಿಗೆ ಸಿಕ್ಕಿಸಿಕೊಂಡು ಮೇಲೆ ಬಂದು, ಆ ಪದದ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಸಹಿ ಹಾಕಿದ.

ಮಧ್ಯಾಹ್ನ ಒಂದರ ಹೊತ್ತಿಗೆ ಗುಳ್ಳೆ ಎಲ್ಲ ದಿಕ್ಕಿನಲ್ಲೂ ನಟ್ಟನಡುವೆ ನಿಂತಿತು. ಅವಳು ಕೆಂಪು ಬಣ್ಣದಲ್ಲಿ ನಾಲ್ಕೂ ಕಾಲುಗಳ ಸುತ್ತ ನೆಲದ ಮೇಲೆ ಗುರುತು ಬರೆದಳು. ಲೀಗಿನ ಮೊದಲ ಪಂದ್ಯ ಬರುವ ಶನಿವಾರ ಹತ್ತು ಗಂಟೆಗೆ. ಐದನೆಯವಳಾಗಿ ಅವಳು ಆಡುತ್ತಾಳೆ.